ಪಿಕಪ್‌ನಲ್ಲಿ ಲೇತ್ ತರುವವರಿಗೆ

ಬೆಂಗಳೂರಿನ ಪೀಣ್ಯದಲ್ಲಿ ಹಳೇ ಲೇತ್ (ಕಬ್ಬಿಣದ ತುಂಡನ್ನು ತಿರುಗಿಸಿ ಕಡೆಯುವ ಮಿಷನ್) ನೋಡಿ, ರೇಟು ಮಾತಾಡಿ, ಅಡ್ವಾನ್ಸ್ ಕೊಟ್ಟ ಮೇಲೆ ಎಲ್ಲರೂ ನನ್ನನ್ನು ಕೇಳುವುದು ಒಂದೇ: 'ಅಣ್ಣಾ, ಯಾವ ಗಾಡಿ ಮಾಡ್ಲಿ?' ತಿಪಟೂರಿನ ನನ್ನ ವರ್ಕ್‌ಶಾಪಿಗೂ ಸುತ್ತಲಿನ ಗೆಳೆಯರಿಗೂ ಹೀಗೆ ಮಿಷನ್ ತಂದಿದ್ದೇನೆ. ಗಾಡಿ ವಿಷಯ ಆಮೇಲೆ. ಊರಲ್ಲಿ ಅದನ್ನು ಇಳಿಸೋದು ಹೇಗೆ ಅಂತ ಮೊದಲು ಗೊತ್ತು ಮಾಡಿಕೊಳ್ಳಿ. ಪೀಣ್ಯದಲ್ಲಿ ಹೈಡ್ರಾ ಕ್ರೇನ್ ಕರೆದರೆ ಬರುತ್ತದೆ. ನಿಮ್ಮ ಶೆಡ್ಡಿನ ಮುಂದೆ ಕತ್ತಲಾದ ಮೇಲೆ ಯಾರು ಬರುತ್ತಾರೆ?

ನಾಲ್ಕೂವರೆ ಅಡಿ ಬೆಡ್ಡಿನ (ಮಿಷನ್ನಿನ ಬಿಡಿಭಾಗ ಕೂರುವ ಉದ್ದನೆಯ ಅಡಿಪಟ್ಟಿ) ಲೇತ್ 600ರಿಂದ 800 ಕೆಜಿ ತೂಗಬಹುದು, ಆರಡಿಯದು ಟನ್ ದಾಟುವುದೂ ಉಂಟು. ಚಿಕ್ಕ ಟೆಂಪೋ ಬೇಡ, ಬೊಲೆರೊ ಪಿಕಪ್‌ನಂಥದ್ದು ಮಾಡಿ. ಆರ್‌ಸಿಯಲ್ಲಿರುವ ಒಟ್ಟು ತೂಕದಲ್ಲಿ ಖಾಲಿ ಗಾಡಿಯ ತೂಕ ಕಳೆದರೆ ಎಷ್ಟು ಹೇರಬಹುದು ಅಂತ ಗೊತ್ತಾಗುತ್ತದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಆದಮೇಲೆ ಓವರ್‌ಲೋಡಿಗೆ ದಂಡ 20,000 ರೂಪಾಯಿಯಿಂದಲೇ ಶುರು. ಬಿಲ್ ಜೊತೆಯಲ್ಲಿರಲಿ.

ಲೇತಿನ ತೂಕಕ್ಕಿಂತ ಅದರ ಎತ್ತರಕ್ಕೆ ಹೆದರಬೇಕು. ಭಾರವೆಲ್ಲ ಮೇಲೆ, ಅದರಲ್ಲೂ ಗೇರ್ ಇರುವ ತಲೆಭಾಗ, ಅಂದರೆ ಹೆಡ್‌ಸ್ಟಾಕ್ ಕಡೆಗೆ. ಕಾಲು ಮಾತ್ರ ಕಿರಿದು. ನೆಲಕ್ಕೆ ಬೋಲ್ಟ್ ಹಾಕಿದ್ದಾಗ ಕಲ್ಲಿನ ಹಾಗೆ ನಿಂತಿರುತ್ತದೆ, ಬೋಲ್ಟ್ ಬಿಚ್ಚಿದ ಕ್ಷಣದಿಂದ ಪಕ್ಕಕ್ಕೆ ವಾಲಲು ಕಾಯುತ್ತಿರುತ್ತದೆ. ಅದಕ್ಕೇ ನಾನು ಎರಡು ಗಟ್ಟಿ ಮರದ ತೊಲೆ ಜೊತೆಗೇ ಒಯ್ಯುತ್ತೇನೆ. ಕಾಲುಗಳ ಕೆಳಗೆ ಅಡ್ಡ ಕೊಟ್ಟು, ಫೌಂಡೇಶನ್ ತೂತಿನಲ್ಲೇ ಬೋಲ್ಟ್ ಹಾಕಿ ಬಿಗಿಯಬೇಕು. ತೊಲೆ ಎರಡೂ ಕಡೆ ಒಂದೊಂದಡಿ ಹೊರಗೆ ಚಾಚಿರಲಿ. ಕಾಲು ಅಗಲವಾದರೆ ಅರ್ಧ ಭಯ ಹೋಯಿತು. ತಳದ ಎಣ್ಣೆ ಒರೆಸಿ, ಗಾಡಿಯ ತಗಡಿನ ಮೇಲೆ ರಬ್ಬರ್ ಮ್ಯಾಟ್ ಹಾಸಿ. ಎಣ್ಣೆ ಹತ್ತಿದ ಕಬ್ಬಿಣ ತಗಡಿನ ಮೇಲೆ ಸುಮ್ನೆ ಜಾರುತ್ತದೆ.

ಎತ್ತುವ ಮುಂಚೆ, ತುಂಡನ್ನು ಕಚ್ಚಿ ಹಿಡಿಯುವ ಚಕ್ ಬಿಚ್ಚಿಡಿ. ಕ್ರೇನಿನ ಬೆಲ್ಟನ್ನು ಬೆಡ್ಡಿನ ಕೆಳಗಿಂದ, ಹೆಡ್‌ಸ್ಟಾಕ್ ಹತ್ತಿರ ಹಾಕಿ. ಬೆಡ್ಡಿನ ಉದ್ದಕ್ಕೂ ಇರುವ ಥ್ರೆಡ್ ರಾಡು, ಅಂದರೆ ಲೀಡ್ ಸ್ಕ್ರೂಗೆ ತಾಗಿದರೆ ಅದು ಬಾಗುತ್ತದೆ, ಆಮೇಲೆ ಥ್ರೆಡ್ ಸರಿಯಾಗಿ ಬರೋದೇ ಇಲ್ಲ. ನೆಲದಿಂದ ಒಂದಿಂಚು ಎತ್ತಿಸಿ ನೋಡಿ. ಒಂದು ಕಡೆ ವಾಲಿದರೆ ಇಳಿಸಿ, ಬೆಡ್ಡಿನ ಮೇಲೆ ಓಡಾಡುವ ಸ್ಯಾಡಲನ್ನೂ ಟೇಲ್‌ಸ್ಟಾಕನ್ನೂ ಸರಿಸಿ ಲಾಕ್ ಮಾಡಿ, ಮತ್ತೆ ಎತ್ತಿಸಿ. ಮೇಲೆ ಕರೆಂಟ್ ವೈರ್ ಇದೆಯಾ ಅಂತಲೂ ನೋಡಿ.

ಹೆಡ್‌ಸ್ಟಾಕ್ ಕ್ಯಾಬಿನ್ ಕಡೆಗೇ ಇರಲಿ. ಭಾರ ಹಿಂದಿನ ಚಕ್ರದಿಂದ ಆಚೆ ಬಿದ್ದರೆ ಮುಂದಿನ ಚಕ್ರ ಹಗುರಾಗಿ ಸ್ಟೀರಿಂಗ್ ಹಿಡಿತ ತಪ್ಪುತ್ತದೆ. ಜೋರಾಗಿ ಬ್ರೇಕ್ ಹೊಡೆದರೆ 800 ಕೆಜಿ ಲೇತ್ 600 ಕೆಜಿಯಷ್ಟು ಬಲದಲ್ಲಿ ಮುಂದಕ್ಕೆ ನುಗ್ಗಬಹುದು. ನೈಲಾನ್ ಹಗ್ಗ ಹಿಗ್ಗುತ್ತದೆ, ನಂಬಬೇಡಿ. ನಾಲ್ಕು ಮೂಲೆಗೂ, ಹಿಡಿ ಆಡಿಸಿ ಬಿಗಿಯುವ ರ‍್ಯಾಚೆಟ್ ಬೆಲ್ಟ್ ಹಾಕಿ, ಓರೆಯಾಗಿ ಕೆಳಕ್ಕೆ ಎಳೆಯಿರಿ. ಕೊಕ್ಕೆ ಚಾಸಿಗೆ ಸಿಗಲಿ, ಪಕ್ಕದ ಡೋರಿಗಲ್ಲ. ಚೂಪಾದ ಅಂಚಿಗೆ ಗೋಣಿಚೀಲ ಮಡಚಿ ಕೊಡಿ. ನೆಲಮಂಗಲ ದಾಟಿದ ಮೇಲೆ ಒಮ್ಮೆ ನಿಲ್ಲಿಸಿ ಬೆಲ್ಟ್ ಮುಟ್ಟಿ ನೋಡಿ, ಒಂದಲ್ಲ ಒಂದು ಸಡಿಲ ಆಗಿರುತ್ತದೆ. ಹಂಪ್ ಕಂಡರೆ ಪೂರ್ತಿ ನಿಧಾನ ಮಾಡಲು ಡ್ರೈವರ್‌ಗೆ ಮೊದಲೇ ಹೇಳಿ.

ಇನ್ನೊಂದು ಮಾತು, ದಯವಿಟ್ಟು ಕೇಳಿ. ಮಿಷನ್ ಹಿಡ್ಕೊಂಡಿರಲಿ ಅಂತ ಹುಡುಗರನ್ನು ಹಿಂದೆ ಕೂರಿಸುವ ಅಭ್ಯಾಸ ನಮ್ಮಲ್ಲಿದೆ. ವಾಲಿದ ಲೇತನ್ನು ಯಾರೂ ಕೈಯಲ್ಲಿ ತಡೆಯಲಾರರು. ಅವರು ಬಸ್ಸಿನಲ್ಲಿ ಬರಲಿ, ಚಾರ್ಜ್ ನೀವೇ ಕೊಡಿ.

ಊರಲ್ಲಿ ಕ್ರೇನ್ ಸಿಗದಿದ್ದರೆ, ಎರಡು ಟನ್ನಿನ ಚೈನ್ ಬ್ಲಾಕ್ (ಸರಪಳಿ ಎಳೆದು ಭಾರ ಎತ್ತುವ ರಾಟೆ), ಅದಕ್ಕೆ ತಕ್ಕ ಗಟ್ಟಿ ಸ್ಟ್ಯಾಂಡ್ ಬೇಕು. ಶೆಡ್ಡಿನ ತಗಡಿನ ಮಾಡು ಹೊರುವ ಪೈಪಿಗೆ ನೇತು ಹಾಕಲೇಬೇಡಿ. ಲೇತನ್ನು ಸ್ವಲ್ಪ ಎತ್ತಿ, ಗಾಡಿಯನ್ನೇ ಮುಂದಕ್ಕೆ ತೆಗೆಯಿರಿ, ಆಮೇಲೆ ನಿಧಾನಕ್ಕೆ ಇಳಿಸಿ. ಯಾರ ಕಾಲೂ ಕೆಳಗಿರಬಾರದು. ತೊಲೆ ಬಿಚ್ಚಿ, ನೆಲಕ್ಕೆ ಬೋಲ್ಟ್ ಹಾಕಿ, ಬೆಡ್ಡಿನ ಮೇಲೆ ಸ್ಪಿರಿಟ್ ಲೆವೆಲ್ ಇಟ್ಟು ಮಟ್ಟ ನೋಡಿ. ಗೇರ್ ಬಾಕ್ಸಿನ ಎಣ್ಣೆ ನೋಡಿದ ಮೇಲೆಯೇ ಕರೆಂಟ್ ಕೊಡಿ. ಮೋಟಾರ್ ಉಲ್ಟಾ ತಿರುಗಿದರೆ ಗಾಬರಿ ಬೇಡ. ಮೂರು ಫೇಸಿನಲ್ಲಿ ಎರಡು ವೈರ್ ಅದಲುಬದಲು ಮಾಡಿದರೆ ಸರಿಹೋಗುತ್ತದೆ, ಆ ಕೆಲಸ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ.