ಬಡಿಯುವ ಮೊದಲೇ ಗೆಲ್ಲಬೇಕು ಜೋಳದ ರೊಟ್ಟಿ

ಮನೆಯಲ್ಲೇ ಬಿಸಿ ಜೋಳದ ರೊಟ್ಟಿ ಮಾಡಬೇಕೆಂದು ಹೊರಟು, ಎರಡು ರೊಟ್ಟಿ ಒಡೆದ ಕೂಡಲೇ ‘ಇದು ನಮ್ಮ ಕೈಗೆ ಹತ್ತೋ ವಿದ್ಯೆ ಅಲ್ಲ’ ಎಂದು ಕೈಬಿಟ್ಟವರು ಬೇಕಾದಷ್ಟು ಜನ. ಪಾಪ, ಕೈಯನ್ನು ಸುಮ್ನೆ ಬೈಯುತ್ತಾರೆ. ಎಡವಟ್ಟಾಗುವುದು ಹೆಚ್ಚಾಗಿ ಹಿಟ್ಟಿನಲ್ಲಿ, ಇಲ್ಲವೇ ನೀರಿನಲ್ಲಿ. ಬಡಿಯಲು ಕೂರುವ ಹೊತ್ತಿಗೆ ರೊಟ್ಟಿಯ ಹಣೆಬರಹ ಬರೆದಾಗಿರುತ್ತದೆ.

ಹಿಟ್ಟು

ರೊಟ್ಟಿಗೆ ಹಿಂಗಾರಿ ಬಿಳಿಜೋಳವೇ ಬೇಕು. ವಿಜಯಪುರ, ಬಾಗಲಕೋಟೆ, ಕಲಬುರಗಿ ಕಡೆಯ ಎರೆ ಹೊಲಗಳಲ್ಲಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬಿತ್ತುತ್ತಾರೆ. ಮಳೆ ಹೋದ ಮೇಲೂ ಕಪ್ಪು ಮಣ್ಣು ಹಿಡಿದಿಟ್ಟ ತೇವದಲ್ಲೇ ತೆನೆ ಕಟ್ಟುತ್ತದೆ. ಮಾಲ್ದಂಡಿ, ಅಂದರೆ ಎಂ 35-1 ತಳಿ, ರೊಟ್ಟಿಗೆ ಹೆಸರುವಾಸಿ. ಮುಂಗಾರಿ ಜೋಳ ಅಗ್ಗಕ್ಕೆ ಸಿಗುತ್ತದೆ, ನಿಜ. ಆದರೆ ಕಾಳು ಬಲಿಯುವಾಗ ಮಳೆಗೆ ಸಿಕ್ಕರೆ ಕಪ್ಪಾಗುತ್ತದೆ. ಆಮೇಲೆ ಬಣ್ಣವೂ ಇಲ್ಲ, ರುಚಿಯೂ ಇಲ್ಲ.

ಆದಷ್ಟೂ ಕಾಳು ತಂದು, ಹಸನು ಮಾಡಿ, ಗಿರಣಿಯಲ್ಲಿ ಬೀಸಿಸಿ. ಒಂದೇ ಸಲ ಐದಾರು ಕಿಲೋ ಬೇಡ, ಹದಿನೈದು ದಿನಕ್ಕೆ ಆಗುವಷ್ಟು ಸಾಕು. ಜೋಳದ ಕಾಳಿನ ಮೊಳಕೆ ಭಾಗದಲ್ಲಿ ಎಣ್ಣೆಯ ಅಂಶವಿದೆ. ಬೀಸಿದ ಮೇಲೆ ಅದಕ್ಕೆ ಗಾಳಿ ತಗುಲಿ, ದಿನ ಕಳೆದಂತೆ ಹಿಟ್ಟು ಕಮಟಾಗುತ್ತದೆ, ಕಹಿಯಾಗುತ್ತದೆ. ಹಳೆ ಹಿಟ್ಟಿನಲ್ಲಿ ಜಿಗಿಯೂ ಇರುವುದಿಲ್ಲ. ಪ್ಯಾಕೆಟ್ ಹಿಟ್ಟೇ ಗತಿ ಎನ್ನುವವರು ತಯಾರಾದ ದಿನಾಂಕ ನೋಡಿ ತನ್ನಿ. ಮನೆಗೆ ಬಂದು ಚಿಟಿಕೆ ಹಿಟ್ಟು ನಾಲಿಗೆ ಮೇಲಿಟ್ಟು ನೋಡಿ. ಸಿಹಿಯಾಗಿದ್ದರೆ ರೊಟ್ಟಿಗೆ, ಕಹಿ ಎನಿಸಿದರೆ ಆಸೆ ಬಿಟ್ಟುಬಿಡಿ.

ಎಸರು

ಗೋಧಿ ಹಿಟ್ಟನ್ನು ಹಿಡಿದಿಡುವ ಗ್ಲುಟೆನ್ ಜೋಳದಲ್ಲಿಲ್ಲ. ತಣ್ಣೀರಲ್ಲಿ ಕಲಸಿದರೆ ಹಿಟ್ಟು ಒಂದಕ್ಕೊಂದು ಅಂಟುವುದೇ ಇಲ್ಲ, ತಟ್ಟುವಾಗ ಅಂಚು ಬಾಯಿಬಿಡುತ್ತದೆ. ಕುದಿಯುವ ನೀರು ಬಿದ್ದಾಗ ಮಾತ್ರ ಹಿಟ್ಟಿನ ಪಿಷ್ಟ ಬೆಂದು ಅಂಟಾಗುತ್ತದೆ. ಆ ಅಂಟೇ ರೊಟ್ಟಿಗೆ ಆಧಾರ.

ಎರಡು ಲೋಟ ಹಿಟ್ಟನ್ನು ಅಗಲವಾದ ಪರಾತಕ್ಕೆ ಹಾಕಿ. ಒಂದು ಮುಷ್ಟಿ ತೆಗೆದು ಬೇರೆ ಇಡಿ, ಬಡಿಯುವಾಗ ಉದುರಿಸಲು ಬೇಕು. ನಡುವೆ ಗುಂಡಿ ಮಾಡಿ. ಒಂದು ಲೋಟ ನೀರಿಗೆ ಚಿಟಿಕೆ ಉಪ್ಪು ಹಾಕಿ ಕುದಿಸಿ. ‘ಬಿಸಿಯಾಗಿದೆ, ಸಾಕು’ ಅನ್ನಬೇಡಿ, ಕೊತಕೊತ ಕುದಿಯಲಿ. ಒಲೆಯಿಂದ ಇಳಿಸಿದ್ದೇ ಗುಂಡಿಗೆ ಸುರಿದು, ಸುತ್ತಲಿನ ಹಿಟ್ಟು ಮೇಲೆಳೆದು ಮುಚ್ಚಿ. ಐದು ನಿಮಿಷ ಮುಟ್ಟಬೇಡಿ. ಆಮೇಲೆ ಸೌಟಿನಿಂದ ಕಲಸಿ, ಕೈ ತಾಳುವಷ್ಟು ಆರಿದ ಮೇಲೆ ನಾದಲು ಶುರು ಮಾಡಿ. ಗಟ್ಟಿ ಎನಿಸಿದರೆ ತಣ್ಣೀರು ಚಿಮುಕಿಸಿಕೊಳ್ಳಿ. ಎಷ್ಟು ಬೇಕು ಎಂಬುದು ಜೋಳದ ಮೇಲೆ ಹೋಗುತ್ತದೆ.

ಇಡೀ ಹಿಟ್ಟನ್ನು ಒಟ್ಟಿಗೆ ನಾದಿ ಇಟ್ಟರೆ ಕೊನೆಯ ಉಂಡೆಗಳು ಒಣಗಿ ಬಿರಿಯುತ್ತವೆ. ಒಂದೊಂದು ರೊಟ್ಟಿಗೆ ಆಗುವಷ್ಟೇ ತೆಗೆದುಕೊಂಡು, ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಿ. ಉಂಡೆಯನ್ನು ಅಂಗೈಯಲ್ಲಿಟ್ಟು ಅದುಮಿ ನೋಡಿ. ಅಂಚು ಬಿರಿಯದೆ ನುಣ್ಣಗೆ ಹರಡಿದರೆ ಹದ ಬಂತು. ಬಿರಿದರೆ ಇನ್ನಷ್ಟು ನಾದಬೇಕು, ಅಷ್ಟೇ.

ಬಡಿಯುವುದು

ಕೆಳಗೆ ಧಾರಾಳವಾಗಿ ಒಣ ಹಿಟ್ಟು ಉದುರಿಸಿ, ಉಂಡೆಯನ್ನು ಬಿಲ್ಲೆ ಮಾಡಿ ಇಡಿ. ಬೆರಳು ಬಿಡಿಸದೆ, ಅಂಗೈಯಿಂದ ಹಗುರಾಗಿ ಬಡಿಯುತ್ತಾ ಹೋಗಿ. ಪೆಟ್ಟು ಅಂಚಿಗೆ ಜಾಸ್ತಿ, ನಡುವೆ ಕಡಿಮೆ. ಬಡಿತದ ಜೊತೆಗೇ ರೊಟ್ಟಿ ತಿರುಗುತ್ತಿರಬೇಕು. ತಿರುಗದಿದ್ದರೆ ಕೆಳಗೆ ಅಂಟಿದೆ ಎಂದರ್ಥ, ಎತ್ತಿ ಮತ್ತೆ ಹಿಟ್ಟು ಹಾಕಿ. ಬಡಿಯಲು ಬಾರದವರು ಲಟ್ಟಣಿಗೆ ಹಿಡಿಯಿರಿ, ಯಾವ ಅವಮಾನವೂ ಇಲ್ಲ.

ಹಂಚಿನ ಮೇಲೆ

ಕಬ್ಬಿಣದ ಹಂಚು ಒಳ್ಳೆಯದು. ನೀರು ಚಿಮುಕಿಸಿದರೆ ಚೊಯ್ ಎನ್ನುವಷ್ಟು ಕಾದಿರಬೇಕು. ಒಣ ಹಿಟ್ಟು ಹತ್ತಿದ ಬದಿ ಮೇಲೆ ಬರುವಂತೆ ರೊಟ್ಟಿ ಹಾಕಿ, ಒದ್ದೆ ಬಟ್ಟೆಯಿಂದ ಇಡೀ ಮೇಲ್ಮೈಗೆ ನೀರು ಸವರಿ. ಅಂಚನ್ನು ಮರೆಯಬೇಡಿ.

ಇನ್ನು ಮುಂದಿನ ಅರ್ಧ ನಿಮಿಷ ಕಣ್ಣು ರೊಟ್ಟಿಯ ಮೇಲೇ ಇರಲಿ. ಸವರಿದ ನೀರು ಮೊದಲು ಪಳಪಳ ಹೊಳೆಯುತ್ತದೆ. ನಿಧಾನಕ್ಕೆ ಹೊಳಪು ಇಂಗಿ, ಮೇಲ್ಮೈ ಮಂಕಾಗುತ್ತದೆ. ಹೊಳಪು ಹೋಗಿ ಪಸೆ ಮಾತ್ರ ಉಳಿದ ಆ ಗಳಿಗೆಯಲ್ಲೇ ತಿರುವಿ ಹಾಕಬೇಕು. ಮೊದಲೇ ತಿರುವಿದರೆ ಹಂಚಿಗೆ ಅಂಟುತ್ತದೆ. ತಡವಾದರೆ ಬಿರುಕು ಬಿಡುತ್ತದೆ, ಬಿರುಕಿನಿಂದ ಹಬೆ ಹೊರಗೆ ಹೋಗಿ ರೊಟ್ಟಿ ಉಬ್ಬುವುದೇ ಇಲ್ಲ. ಎರಡನೇ ಬದಿ ಚೆನ್ನಾಗಿ ಬೆಂದ ಮೇಲೆ ಹಂಚು ಸರಿಸಿ ಉರಿಯ ಮೇಲೆ ಹಿಡಿಯಿರಿ. ಇಲ್ಲವೇ ಹಂಚಿನ ಮೇಲೇ ಬಟ್ಟೆಯಿಂದ ಒತ್ತಿ. ಪುಸ್ಸನೆ ಉಬ್ಬುತ್ತದೆ.

ಖಡಕ್ ರೊಟ್ಟಿ ಬೇಕಾದರೆ ತೀರಾ ತೆಳ್ಳಗೆ ಬಡಿದು, ಬೇಯಿಸಿ, ಸಣ್ಣ ಉರಿಯಲ್ಲಿ ತೇವ ಪೂರ್ತಿ ಆರುವ ತನಕ ಒತ್ತುತ್ತಿರಿ. ವಾರಗಟ್ಟಲೆ ಇಡಬಹುದು. ಕೊಪ್ಪಳದ ಗವಿಮಠದ ಜಾತ್ರೆಗೆ ಹಳ್ಳಿಗಳಿಂದ ಲಕ್ಷಗಟ್ಟಲೆ ರೊಟ್ಟಿ ಬರುತ್ತದೆ. ಇನ್ನು ಗದಗ ಜಿಲ್ಲೆಯ ಡಂಬಳದಲ್ಲಿ ರೊಟ್ಟಿಯ ಹೆಸರಲ್ಲೇ ಜಾತ್ರೆ ನಡೆಯುತ್ತದೆ.

ಜೊತೆಗೆ ಏನು?

ಎಣ್ಣೆಗಾಯಿ, ಝುಣಕ, ಪುಂಡಿ ಪಲ್ಯ ಯಾವುದಾದರೂ ಆದೀತು. ಏನೂ ಇಲ್ಲದಿದ್ದರೂ ಶೇಂಗಾ ಹಿಂಡಿ ಇದ್ದರೆ ಊಟ ಮುಗಿಯಿತು. ಒಂದು ಲೋಟ ಶೇಂಗಾ ಹುರಿದು ಸಿಪ್ಪೆ ಉದುರಿಸಿ. ಏಳೆಂಟು ಎಸಳು ಬೆಳ್ಳುಳ್ಳಿ, ಎರಡು ಚಮಚ ಖಾರದ ಪುಡಿ, ಸ್ವಲ್ಪ ಜೀರಿಗೆ, ಉಪ್ಪು ಸೇರಿಸಿ ಒರಳಲ್ಲಿ ಕುಟ್ಟಿ. ಶೇಂಗಾ ಎಣ್ಣೆ ಬಿಟ್ಟು ಉಂಡೆಗಟ್ಟುವ ಹಂತಕ್ಕೆ ನಿಲ್ಲಿಸಿ. ಮಿಕ್ಸಿಯಾದರೆ ಬಿಟ್ಟು ಬಿಟ್ಟು ತಿರುಗಿಸಿ, ಪೇಸ್ಟ್ ಆದರೆ ಕೆಟ್ಟಿತು. ಮೇಲೆ ಗಟ್ಟಿ ಮೊಸರು, ಇಲ್ಲವೇ ಹಸಿ ಕುಸುಬಿ ಎಣ್ಣೆ. ಜೋಳದ ಹೊಲದಲ್ಲೇ ಬೆಳೆಯುವ ಕುಸುಬಿಯ ಎಣ್ಣೆ ಹಿಂಡಿಗೆ ಬೇರೆಯದೇ ರುಚಿ ಕೊಡುತ್ತದೆ. ನನ್ನ ಓಟು ಅದಕ್ಕೇ.

ಇಷ್ಟಾದರೂ ಮೊದಲ ಒಂದೆರಡು ರೊಟ್ಟಿ ದಪ್ಪ ಆಗಬಹುದು, ಹರಿಯಬಹುದು. ಎಸೆಯಬೇಡಿ. ಬಿಸಿ ಇರುವಾಗಲೇ ಮುರಿದು, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಜೀರಿಗೆ, ಉಪ್ಪಿನ ಜೊತೆ ಒರಳಿಗೆ ಹಾಕಿ ಕುಟ್ಟಿ, ತುಪ್ಪ ಬಿಟ್ಟು ಮುಷ್ಟಿಯಲ್ಲಿ ಹಿಡಿದು ಉಂಡೆ ಕಟ್ಟಿ. ಇದೇ ಮುಟಗಿ. ಉತ್ತರ ಕರ್ನಾಟಕದಲ್ಲಿ ಇದಕ್ಕಾಗಿಯೇ ಬೇಕಂತಲೇ ದಪ್ಪ ರೊಟ್ಟಿ ಮಾಡುತ್ತಾರೆ.