ಒತ್ತಡ ಸರಿದೂಗಿಸಿದ ಮೇಲೂ ಸೋರಿದ ಥ್ರಸ್ಟರ್: ನನ್ನ ಅನುಭವ

ನಾನು ಕಟ್ಟಿದ ಪುಟ್ಟ ಜಲಾಂತರ್ಗಾಮಿಗೆ ಥ್ರಸ್ಟರುಗಳಾಗಿ, ಅಂದರೆ ಅದನ್ನು ನೀರಿನಲ್ಲಿ ತಳ್ಳುವ ಮೋಟಾರುಗಳಾಗಿ, ಆರಿಸಿಕೊಂಡದ್ದು, ಮೀನು ಹಿಡಿಯುವ ಸಣ್ಣ ದೋಣಿಗಳಿಗೆ ಜೋಡಿಸುವ, ಬ್ರಷ್ (ತಿರುಗುವ ಭಾಗಕ್ಕೆ ವಿದ್ಯುತ್ ಮುಟ್ಟಿಸುವ ಇಂಗಾಲದ ತುಂಡು) ಇರುವ ಡಿಸಿ ಮೋಟಾರುಗಳನ್ನು. ಮೇಲ್ಮೈಗೆ ಹತ್ತಿರದಲ್ಲೇ ತಿರುಗುವ ಈ ಮೋಟಾರುಗಳಲ್ಲಿ, ತಿರುಗುವ ದಂಡದ (ಶಾಫ್ಟ್) ಸುತ್ತ ನೀರನ್ನು ತಡೆಯುವ ಸೀಲಿನ ಮೇಲೆ ಹೆಚ್ಚಿನ ಭಾರವೇನೂ ಬೀಳುವುದಿಲ್ಲ. ಆದರೆ ಪ್ರತಿ 10 ಮೀಟರ್ ಆಳಕ್ಕೆ ಒತ್ತಡವು ಸುಮಾರು 1 ಬಾರ್‌ನಷ್ಟು ಏರುವುದರಿಂದ, 30 ಮೀಟರ್ ಆಳದಲ್ಲಿ ಅದೇ ಸೀಲು 3 ಬಾರ್ ವ್ಯತ್ಯಾಸವನ್ನು ತಡೆಯಬೇಕಾಗುತ್ತದೆ. ಮೊದಲು ಎರಡು ಸೀಲುಗಳನ್ನು ಕೂರಿಸಿ ನಡುವೆ ಗ್ರೀಸ್ ತುಂಬಿ ನೋಡಿದೆ. ನೀರು ಒಳಬರುವುದು ತಡವಾಯಿತೇ ಹೊರತು ನಿಲ್ಲಲಿಲ್ಲ.

ಆಮೇಲೆ ಮೋಟಾರಿನೊಳಗೆ ತೆಳುವಾದ ಖನಿಜ ತೈಲವನ್ನು ತುಂಬಿ, ಹೊರಗಿನ ರಬ್ಬರ್ ಚೀಲವೊಂದಕ್ಕೆ ಕೊಳವೆಯಿಂದ ಜೋಡಿಸಿದೆ. ನೀರು ಚೀಲವನ್ನು ಒತ್ತಿದಷ್ಟೂ ತೈಲದ ಒತ್ತಡ ಏರಿ, ಸೀಲಿನ ಎರಡು ಬದಿಗಳು ಸಮವಾಗುತ್ತವೆ. ಚೀಲದ ಮೇಲೆ ಹಗುರವಾದ ಸ್ಪ್ರಿಂಗ್ ಇಟ್ಟಿದ್ದರಿಂದ ಒಳಗಿನ ಒತ್ತಡ ತುಸು ಹೆಚ್ಚೇ ಇರುತ್ತದೆ. ಸೋರಿದರೂ ತೈಲ ಹೊರಹೋಗುತ್ತದೆ, ನೀರು ಒಳಬರುವುದಿಲ್ಲ. ತುಂಬುವಾಗ ಸಿಕ್ಕಿಕೊಂಡ ಗಾಳಿಗುಳ್ಳೆ 30 ಮೀಟರ್ ಆಳದಲ್ಲಿ ನಾಲ್ಕನೆಯ ಒಂದು ಭಾಗಕ್ಕೆ ಕುಗ್ಗಿ ಚೀಲವನ್ನು ಬರಿದು ಮಾಡೀತೆಂದು, ಶಾಫ್ಟನ್ನು ಕೈಯಿಂದ ತಿರುಗಿಸುತ್ತ, ನಿರ್ವಾತ ಪಂಪಿನಿಂದ ಗಾಳಿಯನ್ನು ಹೊರಗೆಳೆದೆ. ಇದಕ್ಕೆ ಬೆಲೆಯೂ ತೆರಬೇಕಾಯಿತು: ತೈಲದ ಎಳೆತದಿಂದ ಕರೆಂಟ್ ಹೆಚ್ಚು ಹಿಡಿಯಿತು, ಬ್ರಷ್ ಸವೆದ ಇಂಗಾಲದ ಪುಡಿಯಿಂದ ತೈಲ ಕಪ್ಪಾಯಿತು. ತೈಲದ ಬದಲು, ಸುತ್ತಲ ನೀರಿನ ಒತ್ತಡಕ್ಕೆ ಸಮನಾಗಿ ಗಾಳಿ ಬಿಡುವ ಡೈವಿಂಗ್ ರೆಗ್ಯುಲೇಟರಿನಿಂದ ಗಾಳಿ ಕೊಡುವ ವಿಧಾನದಲ್ಲಿ ಈ ತೊಂದರೆ ಇಲ್ಲವಾದರೂ, ಸಿಲಿಂಡರಿನ ಗಾಳಿಯನ್ನು ಮೋಟಾರಿನೊಂದಿಗೆ ಹಂಚಿಕೊಳ್ಳಲು ನನಗೆ ಮನಸ್ಸಾಗಲಿಲ್ಲ.

ನಾನು ಎಣಿಸದೇ ಇದ್ದದ್ದು ಮೋಟಾರಿನಿಂದ ಕ್ಯಾಬಿನ್ನಿಗೆ ಹೋಗುವ ಕೇಬಲ್. ಕೆಲವು ಮುಳುಗುಗಳ ನಂತರ ಚೀಲ ಸೊರಗಿತ್ತು, ಆದರೆ ಹೊರಗೆಲ್ಲೂ ತೈಲದ ಪಸೆಯಿರಲಿಲ್ಲ. ಕೊನೆಗೆ ಅದು ಕಂಡದ್ದು ಕ್ಯಾಬಿನ್ನಿನೊಳಗೆ, ಟರ್ಮಿನಲ್ಲಿನ ಕೆಳಗೆ. ಮೋಟಾರಿನ ಒತ್ತಡ ನೀರಿನಷ್ಟೇ ಆಗಿದ್ದರೂ ಕ್ಯಾಬಿನ್ನಿನಲ್ಲಿ ಇದ್ದದ್ದು ಮೇಲ್ಮೈಯ ಒತ್ತಡ. ಶಾಫ್ಟಿನಲ್ಲಿ ನಾನು ಅಳಿಸಿದ ವ್ಯತ್ಯಾಸವು ಕೇಬಲ್ಲಿಗೆ ಜಾರಿ, ತಾಮ್ರದ ಎಳೆಗಳ ಸಂದಿನಲ್ಲೇ ತೈಲವನ್ನು ಒಳಗೆ ನೂಕಿತ್ತು. ತೈಲದ ಜಾಗದಲ್ಲಿ ನೀರಿದ್ದಿದ್ದರೆ ಎಂದು ಯೋಚಿಸಲು ಈಗಲೂ ಇಷ್ಟವಾಗುವುದಿಲ್ಲ.

ಹೊರಕವಚದ ಬಳಿ ಎಳೆ ತಂತಿಯನ್ನು ಕತ್ತರಿಸಿ, ನಡುವೆ ಗಟ್ಟಿ ತಾಮ್ರದ ಸರಳನ್ನು ಬೆಸೆದು, ಆ ಭಾಗವನ್ನು ಎಪಾಕ್ಸಿಯಲ್ಲಿ ಹುದುಗಿಸಿದೆ. ಬಳಿಕ ಮೇಜಿನ ಮೇಲೆಯೇ ಕೈಪಂಪಿನಿಂದ ತೈಲಕ್ಕೆ 5 ಬಾರ್ ಒತ್ತಡ ಕೊಟ್ಟು, ಒಳತುದಿಯ ಕೆಳಗೆ ಬಿಳಿ ಕಾಗದ ಹಾಸಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಕಾಗದ ಒಣಗಿಯೇ ಇತ್ತು.