ಆಯಿಲ್ ಫಿಲ್ಟರ್ ಕೊಳ್ಳುವಾಗ ಥ್ರೆಡ್ ಕೂಡಿದರಷ್ಟೇ ಸಾಲದು

ಕಾಸರಗೋಡು, ಬದಿಯಡ್ಕ, ಉಪ್ಪಳಗಳ ಬಿಡಿಭಾಗದ ಅಂಗಡಿಗಳಲ್ಲಿ ಎಂಜಿನ್ನಿನ ಎಣ್ಣೆಯನ್ನು ಸೋಸುವ ಆಯಿಲ್ ಫಿಲ್ಟರ್ ಬೇಕೆಂದರೆ ಅಂಗಡಿಯವರು ಮೊದಲು ಗಾಡಿಯ ಹೆಸರು ಕೇಳುತ್ತಾರೆ. ಫಿಲ್ಟರ್ ಆರಿಸಲು ಆ ಹೆಸರೊಂದೇ ಸಾಲದು. ಸ್ವಿಫ್ಟ್ ಕಾರನ್ನೇ ನೋಡಿ: 1.2 ಲೀಟರಿನ ಪೆಟ್ರೋಲ್ ಎಂಜಿನ್ನಿಗೆ ತಗಡಿನ ಡಬ್ಬಿಯಂತಿರುವ, ಥ್ರೆಡ್ಡಿನ (ತಿರುಪಿನ ಸುತ್ತುಗಳ) ಮೇಲೆ ತಿರುಗಿಸಿ ಕೂರಿಸುವ ಫಿಲ್ಟರ್ ಇದ್ದರೆ, ಹಳೆಯ 1.3 ಲೀಟರಿನ ಡೀಸೆಲ್ ಎಂಜಿನ್ನಿಗೆ ಮುಚ್ಚಳದೊಳಗೆ ಕೂರುವ ಬರಿಯ ಕಾಗದದ ಸುರುಳಿ ಬೇಕಾಗುತ್ತದೆ. ಆದ್ದರಿಂದ ಎಂಜಿನ್ನಿನ ಬಗೆ, ತಯಾರಾದ ವರ್ಷ ಮತ್ತು ಸಾಧ್ಯವಿದ್ದರೆ ಆರ್‌ಸಿಯಲ್ಲಿರುವ ಚಾಸಿಸ್ ಸಂಖ್ಯೆಯನ್ನು ಹೇಳಿ ಫಿಲ್ಟರಿನ ಪಾರ್ಟ್ ನಂಬರ್ ಖಚಿತಪಡಿಸಿಕೊಳ್ಳಬೇಕು. ಹಳೆಯ ಫಿಲ್ಟರನ್ನು ಕೈಯಲ್ಲಿ ಹಿಡಿದುಕೊಂಡು ಹೋಗುವುದು ಒಳ್ಳೆಯ ಅಭ್ಯಾಸವೇ. ಆದರೆ ಕಳೆದ ಬಾರಿ ಹಾಕಿದ್ದೇ ತಪ್ಪು ಫಿಲ್ಟರ್ ಆಗಿರಬಹುದಾದ ಕಾರಣ ಅದರ ಮೇಲಿನ ಸಂಖ್ಯೆಯನ್ನು ಗಾಡಿಯ ಕೈಪಿಡಿಯೊಂದಿಗೋ ತಯಾರಕರ ಪಟ್ಟಿಯೊಂದಿಗೋ ಹೋಲಿಸಿ ನೋಡಬೇಕು.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ನಮ್ಮ ತೋಟದ ಪಿಕಪ್ಪಿಗೆ ಒಮ್ಮೆ ‘ಇದೂ ಕೂರುತ್ತದೆ’ ಎಂಬ ಮಾತಿನ ಮೇಲೆ ಬೇರೊಂದು ಫಿಲ್ಟರ್ ಹಾಕಿಸಿದ್ದೆ. ಅದು ಕೂತಿತು, ಸೋರಲೂ ಇಲ್ಲ. ಆದರೆ ಮರುದಿನ ಬೆಳಗ್ಗೆ ಎಂಜಿನ್ ಚಾಲೂ ಮಾಡಿದಾಗ ಮೂರು ನಾಲ್ಕು ಸೆಕೆಂಡು ಒಳಗಿನಿಂದ ಕಟಕಟ ಸದ್ದು ಬಂತು, ಆಯಿಲ್ ಪ್ರೆಶರಿನ ಕೆಂಪು ದೀಪವೂ ತಡವಾಗಿ ಆರಿತು. ಸರಿಯಾದ ನಂಬರಿನ ಫಿಲ್ಟರ್ ಹಾಕಿದ ದಿನವೇ ಆ ಸದ್ದು ನಿಂತಿತು.

ಹೊರಗಿನಿಂದ ಒಂದೇ ತರಹ ಕಾಣುವ ಎರಡು ಡಬ್ಬಿಗಳ ಒಳಗೆ ವ್ಯತ್ಯಾಸ ಮಾಡುವುದು ಎರಡು ವಾಲ್ವುಗಳು. ಮೊದಲನೆಯದು, ಎಂಜಿನ್ ನಿಂತಾಗ ಫಿಲ್ಟರಿನಲ್ಲಿರುವ ಎಣ್ಣೆ ಹಿಂದಕ್ಕೆ ಹರಿದು ಎಂಜಿನ್ನಿನ ತಳದ ಎಣ್ಣೆ ತೊಟ್ಟಿಗೆ (ಸಂಪ್) ಇಳಿಯದಂತೆ ತಡೆಯುವ ರಬ್ಬರಿನ ಪದರ. ಫಿಲ್ಟರ್ ಅಡ್ಡವಾಗಿ ಅಥವಾ ಬಾಯಿ ಕೆಳಗಾಗಿ ಕೂರುವ ಎಂಜಿನ್ನುಗಳಲ್ಲಿ ಇದು ಸೋತರೆ ಫಿಲ್ಟರ್ ರಾತ್ರಿಯಿಡೀ ಬರಿದಾಗುತ್ತದೆ ಮತ್ತು ಬೆಳಗ್ಗೆ ಬೇರಿಂಗುಗಳಿಗೆ ಎಣ್ಣೆ ತಲಪುವವರೆಗೆ ಲೋಹ ಲೋಹಕ್ಕೆ ಉಜ್ಜುತ್ತದೆ. ಡಬ್ಬಿಯ ಬಾಯಿಯ ಸುತ್ತಲಿನ ಸಣ್ಣ ತೂತುಗಳ ಒಳಗೆ ನೋಡಿದರೆ ಈ ಪದರ ಕಾಣುತ್ತದೆ. ಅದು ಸುತ್ತಲೂ ಸಮನಾಗಿ ಒತ್ತಿ ಕೂತಿರಬೇಕು. ಸಾಮಾನ್ಯ ನೈಟ್ರೈಲ್ ರಬ್ಬರು ಬಿಸಿಗೆ ಕ್ರಮೇಣ ಗಡುಸಾಗುತ್ತದೆ, ಸಿಲಿಕೋನ್ ಹೆಚ್ಚು ಕಾಲ ಮೃದುವಾಗಿರುತ್ತದೆ. ಎರಡನೆಯದು ಬೈಪಾಸ್ ವಾಲ್ವು. ಕಾಗದ ಕಟ್ಟಿಕೊಂಡಾಗ ಅಥವಾ ಎಣ್ಣೆ ತಣ್ಣಗಿದ್ದು ದಪ್ಪವಾಗಿದ್ದಾಗ ಎಂಜಿನ್ನಿಗೆ ಎಣ್ಣೆಯೇ ಇಲ್ಲದಂತಾಗುವುದಕ್ಕಿಂತ ಸೋಸದ ಎಣ್ಣೆಯಾದರೂ ಹೋಗಲಿ ಎಂದು ಇದು ತೆರೆದುಕೊಳ್ಳುತ್ತದೆ. ಎಷ್ಟು ಒತ್ತಡಕ್ಕೆ ತೆರೆಯಬೇಕೆಂಬುದನ್ನು ಎಂಜಿನ್ ತಯಾರಕರು ನಿಗದಿಪಡಿಸಿರುತ್ತಾರೆ, ಮತ್ತು ಕೆಲವು ಎಂಜಿನ್ನುಗಳಲ್ಲಿ ಈ ವಾಲ್ವು ಎಂಜಿನ್ನಿನ ಮೈಯಲ್ಲೇ ಇರುವುದರಿಂದ ಫಿಲ್ಟರಿನೊಳಗೆ ಇರುವುದೇ ಇಲ್ಲ. ಇವೆರಡನ್ನೂ ಥ್ರೆಡ್ಡಿನ ಅಳತೆ ತಿಳಿಸುವುದಿಲ್ಲ.

ಸೋಸುವ ಕಾಗದದ ವಿಷಯದಲ್ಲಿ ‘ಇಷ್ಟು ಮೈಕ್ರಾನ್’ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ಎಂಬ ಬರಹವನ್ನಷ್ಟೇ ನಂಬಬೇಡಿ. ಆ ಗಾತ್ರದ ಕಣಗಳಲ್ಲಿ ನೂರಕ್ಕೆ ಎಷ್ಟನ್ನು ಹಿಡಿಯುತ್ತದೆ ಎಂದು ಹೇಳದಿದ್ದರೆ ಸಂಖ್ಯೆಗೆ ಅರ್ಥವಿಲ್ಲ. ಐಎಸ್‌ಒ 4548-12 ಎಂಬ ಪರೀಕ್ಷೆ ಅದನ್ನೇ ಅಳೆಯುತ್ತದೆ. 5,000 ಕಿಲೋಮೀಟರಿಗೆ ಎಣ್ಣೆ ಬದಲಿಸುವವರಿಗೆ ಒಳ್ಳೆಯ ತಯಾರಕರ ಸಾಮಾನ್ಯ ಕಾಗದದ ಫಿಲ್ಟರ್ ಸಾಕು. ಸಿಂಥೆಟಿಕ್ ಎಣ್ಣೆ ಹಾಕಿ 10,000 ಕಿಲೋಮೀಟರು ಓಡಿಸುವವರು ಸಿಂಥೆಟಿಕ್ ನಾರು ಬೆರೆತದ್ದನ್ನು ಕೊಳ್ಳುವುದು ಮೇಲು, ಏಕೆಂದರೆ ಅದು ಹೆಚ್ಚು ಕೊಳೆಯನ್ನು ಹಿಡಿದಿಟ್ಟುಕೊಳ್ಳುತ್ತದೆ. ನಮ್ಮ ಊರುಗಳಲ್ಲಿ ಇನ್ನೊಂದು ಸಂಗತಿ ಸೇರುತ್ತದೆ. ಮಳೆಗಾಲದಲ್ಲಿ ಮನೆಯಿಂದ ಪೇಟೆಗೆ ಎರಡು ಮೂರು ಕಿಲೋಮೀಟರು ಮಾತ್ರ ಓಡುವ ಗಾಡಿಯ ಎಂಜಿನ್ ಪೂರ್ತಿ ಬಿಸಿಯಾಗದೆ ಎಣ್ಣೆಯಲ್ಲಿ ನೀರಿನಂಶ ಉಳಿಯುತ್ತದೆ ಮತ್ತು ಆ ತೇವ ಕಾಗದವನ್ನು ಸಡಿಲಗೊಳಿಸುತ್ತದೆ. ಅಂಥ ಗಾಡಿಗೆ ಕಿಲೋಮೀಟರು ತುಂಬದಿದ್ದರೂ ವರ್ಷಕ್ಕೊಮ್ಮೆ, ಮಳೆ ಮುಗಿದ ಮೇಲೆ, ಎಣ್ಣೆ ಮತ್ತು ಫಿಲ್ಟರ್ ಎರಡನ್ನೂ ಬದಲಿಸಬೇಕು. ಮುರಕಲ್ಲಿನ ಕೋರೆಗಳ ಕಡೆ ಓಡಾಡುವವರು ಏರ್ ಫಿಲ್ಟರನ್ನೂ ಆಗಾಗ ನೋಡಬೇಕು. ಎಣ್ಣೆಗೆ ಸೇರುವ ಮಣ್ಣಿನ ಧೂಳು ಹೆಚ್ಚಾಗಿ ಬರುವುದು ಆ ದಾರಿಯಿಂದಲೇ.

ಬೈಕುಗಳಲ್ಲಿ ವಿಚಾರಿಸದೆ ಕೊಳ್ಳಬೇಡಿ. ಸ್ಪ್ಲೆಂಡರಿನಲ್ಲಿ ಬದಲಿಸುವ ಕಾಗದದ ಫಿಲ್ಟರೇ ಇಲ್ಲ, ತೊಳೆಯಬೇಕಾದ ಜಾಲರಿ ಇದೆ. ಬುಲೆಟ್ಟಿನಲ್ಲಿ ಕಾಗದದ ಫಿಲ್ಟರ್ ಇದೆ, ಅದರೊಡನೆ ಓ-ರಿಂಗನ್ನೂ (ಸೋರದಂತೆ ತಡೆಯುವ ರಬ್ಬರಿನ ಉಂಗುರ) ಬದಲಿಸಬೇಕು.

ನಕಲಿ ಮಾಲಿನ ಭಯಕ್ಕೆ ಒಂದೇ ಮದ್ದೆಂದರೆ ಬಿಲ್ಲು ಕೊಡುವ ಅಂಗಡಿಯಲ್ಲೇ ಕೊಳ್ಳುವುದು. ಹೊಲೊಗ್ರಾಮ್, ಪಾರ್ಟ್ ನಂಬರ್, ಎಂಆರ್‌ಪಿ, ತಯಾರಾದ ತಿಂಗಳು ಸ್ಪಷ್ಟವಾಗಿ ಮುದ್ರಿತವಾಗಿರಬೇಕು. ಕೆಲಸ ಮುಗಿದ ಮೇಲೆ ಖಾಲಿ ಪೆಟ್ಟಿಗೆಯನ್ನು ಹರಿದುಹಾಕಿ, ಇನ್ನೊಬ್ಬರು ಅದರಲ್ಲಿ ನಕಲಿ ತುಂಬಿಸುವಂತಾಗಬಾರದು.

ಕೂರಿಸುವಾಗ ಹಳೆಯ ರಬ್ಬರಿನ ಉಂಗುರ ಎಂಜಿನ್ನಿಗೆ ಅಂಟಿ ಉಳಿದಿಲ್ಲವೆಂದು ಬೆರಳಾಡಿಸಿ ನೋಡಿ. ಎರಡು ಉಂಗುರಗಳು ಒಂದರ ಮೇಲೊಂದು ಕೂತರೆ ಎಣ್ಣೆಯೆಲ್ಲ ದಾರಿಯಲ್ಲೇ ಸೋರಿಹೋಗಬಹುದು. ಹೊಸ ಉಂಗುರಕ್ಕೆ ಹೊಸ ಎಣ್ಣೆ ಸವರಿ, ಅದು ತಾಗಿದ ಮೇಲೆ ಕೈಯಿಂದಲೇ ಸುಮಾರು ಮುಕ್ಕಾಲು ಸುತ್ತು ಬಿಗಿಯಿರಿ, ಡಬ್ಬಿಯ ಮೇಲೆ ಬೇರೆ ಅಳತೆ ಬರೆದಿದ್ದರೆ ಅದನ್ನೇ ಪಾಲಿಸಿ. ಎಂಜಿನ್ನನ್ನು ಒಂದೆರಡು ನಿಮಿಷ ಓಡಿಸಿ ಸೋರಿಕೆ ನೋಡಿ, ನಿಲ್ಲಿಸಿ ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ಕಿನಲ್ಲಿ ಮಟ್ಟ ಪರೀಕ್ಷಿಸಿ. ಹೊಸ ಫಿಲ್ಟರ್ ತುಂಬಿಕೊಳ್ಳುವಷ್ಟು ಎಣ್ಣೆ ಕಡಿಮೆಯಾಗಿರುತ್ತದೆ, ಅದನ್ನು ಸೇರಿಸಿದ ಮೇಲೆಯೇ ಗಾಡಿಯನ್ನು ರಸ್ತೆಗೆ ಇಳಿಸಿ.